ಚೌಳು ನೆಲದ ಹಿಮಯಾತ್ರೆ

ಕೈಗೆ ಸಿಗದ್ದರ ಮೇಲೆಯೇ ಕಣ್ಣಿಡುವ ಕೆಟ್ಟ ಚಾಳಿ ನನಗೆ ಹುಟ್ಟಿನಿಂದ ಬಂದದ್ದು. ತಟ್ಟೆಯಲ್ಲಿ ಮುದ್ದೆ ಇದ್ದರೆ ಅನ್ನದ ಧ್ಯಾನ, ಅನ್ನ ಬಿದ್ದರೆ ಮುದ್ದೆಯ ಧ್ಯಾನ. ಇಂಥವನು ಶಿರಾದ ಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರಾಗಿದ್ದಾಗ ಹಿಮಕ್ಕೆ ಆಸೆಪಟ್ಟದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಹಿಮವೆಂದರೇನೆಂದು ವರ್ಷಾ ವರ್ಷಾ ಮಕ್ಕಳಿಗೆ ಬಣ್ಣಿಸುತ್ತಿದ್ದೆ. ನಾನು ಕಂಡದ್ದು ಮಾತ್ರ ತುಮಕೂರಿನ ಸೋಡಾ ಅಂಗಡಿಯವನು ಹೊಟ್ಟಿನಲ್ಲಿ ಹೂತಿಟ್ಟಿದ್ದ ಮಂಜಿನ ಗಡ್ಡೆಯೊಂದನ್ನೇ.

ಆ ಸಾರಿ ಮಾಗಿಯ ಚಳಿಯಲ್ಲಿ ವಾಚನಾಲಯದಿಂದ ಒಂದು ಸಚಿತ್ರ ಇಂಗ್ಲಿಷ್ ಪತ್ರಿಕೆ ಮನೆಗೆ ತಂದೆ. ದೊರೆಗಳೂ ದೊರೆಸಾನಿಗಳೂ ಕಾಲಿಗೆ ಉದ್ದನೆಯ ಹಲಗೆ ಕಟ್ಟಿ, ಕೈಯಲ್ಲಿ ಕೋಲು ಹಿಡಿದು, ಹಿಮದ ಬಯಲಿನಲ್ಲಿ ಗುಂಪಾಗಿ ಹೊರಟಿದ್ದರು. ಕೆಲವರು ಹಲಗೆಯ ಬದಲು ಮೊರದಗಲದ ಬೆತ್ತದ ಹೆಣಿಗೆಯನ್ನೇ ಮೆಟ್ಟಿದ್ದರು. ನನ್ನ ಹೆಂಡತಿ ಗೌರಿ ಆ ಚಿತ್ರವನ್ನು ಬಹಳ ಹೊತ್ತು ನೋಡಿದಳು.

"ಏನೂಂದ್ರೆ, ಇವರಿಬ್ರು ಗಂಡ ಹೆಂಡ್ತಿ ಅಲ್ವಾ?"

"ಇರಬಹುದು."

"ಪಕ್ಕಪಕ್ಕದಲ್ಲೇ ಹೋಗ್ತಾವ್ರೆ ನೋಡಿ."

"ಅದಿರಲಿ, ಹಲಗೆ ಹೆಂಗೆ ಜಾರುತ್ತೆ ನೋಡು" ಎಂದು ನಾನು ಪಾಠ ಶುರುಮಾಡಿದೆ. ಅವಳು ಎದ್ದು ಒಲೆ ಊದಲು ಹೋದಳು. ನಮ್ಮ ಕಡೆ ಬೀದಿಗಿಳಿದರೆ ಗಂಡ ಮುಂದೆ, ಹತ್ತು ಹೆಜ್ಜೆ ಹಿಂದೆ ಹೆಂಡತಿ. ಮದುವೆಯಾಗಿ ಹನ್ನೆರಡು ವರ್ಷವಾದರೂ ಬೀದಿಯಲ್ಲಿ ನಾನು ಅವಳ ಮುಖ ನೋಡಿರಲಿಲ್ಲ. ಅವಳಿಗೆ ನನ್ನ ಬೆನ್ನಿನ ಪರಿಚಯ ಮಾತ್ರ ಚೆನ್ನಾಗಿತ್ತು. ಕೋಟು ಹಿಂದೆ ಹರಿದರೆ ಮೊದಲು ಗೊತ್ತಾಗುತ್ತಿದ್ದದ್ದು ಅವಳಿಗೇ.

ನನ್ನ ಹಿಮದ ಗೋಳು ಕೇಳಿ ಕೇಳಿ ಸಾಕಾದ ನಮ್ಮ ಸ್ಕೂಲಿನ ಉರ್ದು ಮೇಷ್ಟ್ರು ಒಂದು ದಿನ, "ಬರಫ್ ಇಲ್ದಿದ್ರೆ ಏನಾಯ್ತು ಸಾಬ್? ಮದಲೂರು ಕೆರೆಗೆ ನಡೀರಿ. ಚೌಳೆದ್ದು ಅಂಗಳ ಎಲ್ಲಾ ಸಫೇದ್ ಆಗಿದೆ" ಎಂದರು. ನೀರು ಇಳಿದ ಮೇಲೆ ನೆಲದ ಮೈಯಲ್ಲಿ ಉಪ್ಪಿನ ಹಾಗೆ ಬೆಳ್ಳಗೆ ಏಳುವ ಮಣ್ಣು ಈ ಚೌಳು. ಬಟ್ಟೆ ಒಗೆಯಲು ಜನ ಅದನ್ನು ಕೆರೆದೊಯ್ಯುತ್ತಾರೆ. ನನಗೆ ಅಷ್ಟೇ ಸಾಕಾಗಿತ್ತು.

ಬಡಗಿ ಆಚಾರಿಗೆ ಚಿತ್ರ ತೋರಿಸಿ, ನಮ್ಮ ಮೇಷ್ಟ್ರುಗಳಿಗೂ ಸೇರಿಸಿ ಐದು ಜೋಡಿ ಮಾಡಲು ಹೇಳಿದೆ. ಅವನು ಮೂಗು ಮೇಲೆತ್ತಿದ ಹಲಗೆಗಳನ್ನು ಸೊಗಸಾಗಿಯೇ ಕೆತ್ತಿದ. ಆದರೆ ಕಾಲು ಕಟ್ಟಲು ಪಟ್ಟಿ ಇರಬೇಕಾದ ಕಡೆ, ಸ್ವಾಮಿಗಳ ಮರದ ಆವುಗೆಗೆ ಇರುತ್ತದಲ್ಲ, ಹೆಬ್ಬೆರಳ ಸಂದಿಗೆ ಸಿಕ್ಕಿಸುವ ಗುಬಟು, ಅದನ್ನು ನಿಲ್ಲಿಸಿದ್ದ. ಆಕ್ಷೇಪಿಸಿದರೆ, "ಮರ ಮೆಟ್ಟಿದ ಮೇಲೆ ಹಗ್ಗ ಕಟ್ತಾರಾ ಸ್ವಾಮಿ? ಮಠಕ್ಕೆ ಆವುಗೆ ಮಾಡ್ಕೊಟ್ಟ ಕೈ ಇದು" ಎಂದ. ಮಠದ ಮಾತು ಬಂದಮೇಲೆ ದುಡ್ಡು ಕೊಟ್ಟು ಹೊರಿಸಿಕೊಂಡು ಬಂದೆ.

ಭಾನುವಾರ ಬೆಳಗ್ಗೆ ಐದು ಮಂದಿ ಮೇಷ್ಟ್ರು, ಮನೆಯವರು, ಹುಳಿಯನ್ನದ ಪಾತ್ರೆ, ಎಲ್ಲ ಎರಡು ಗಾಡಿಯಲ್ಲಿ ಹೊರಟೆವು. ಇಬ್ಬನಿಯೊಳಗೆ ಕೆರೆಯಂಗಳ ಬೆಳ್ಳಗೆ ಮಲಗಿತ್ತು. ಒಂದು ಗಳಿಗೆ ನಾನು ನಿಜವಾಗಿ ಹಿಮವನ್ನೇ ಕಂಡೆ. ಹೆಂಗಸರು ಏರಿಯ ಮೇಲೆ ಕೂತರು. ಚೌಳು ಕೆರೆಯುತ್ತಿದ್ದ ಮುದುಕಿಯೊಬ್ಬಳು, "ಒಳಿಕ್ಕೆ ಹೋಗ್ಬೇಡಿ ಬುದ್ದೀ, ಕೆಳಗೆ ಕೆಸ್ರು ಐತೆ!" ಎಂದು ಕೂಗಿದಳು. ಹಲಗೆ ಮೆಟ್ಟಿ ಇಳಿದ ಮಿಕ್ಕ ಮೇಷ್ಟ್ರುಗಳು ಹತ್ತೇ ಹೆಜ್ಜೆಗೆ ಹೆಬ್ಬೆರಳು ಹಿಡಿದು ಕೂತುಬಿಟ್ಟರು. ಯಾತ್ರೆಯ ಮುಖಂಡ ನಾನು, ಕೂರುವಂತಿರಲಿಲ್ಲ. ಇನ್ನೂರು ಹೆಜ್ಜೆ ಹೋದಮೇಲೆ ಬಿಳಿಯ ಪದರ ಒಡೆಯಿತು. ಹಲಗೆ ಸಮೇತ ಮಂಡಿಯವರೆಗೆ ಇಳಿದೆ.

ಏರಿಯ ಮೇಲಿದ್ದವರೆಲ್ಲ ಸಲಹೆ ಕೊಟ್ಟರು. ಗೌರಿ ಮಾತ್ರ ಸೀರೆ ಎತ್ತಿ ಕಟ್ಟಿ ಬರಿಗಾಲಲ್ಲಿ ಬಂದಳು.

"ಬೆರಳು ಬುಡಿಸ್ಕೊಳ್ಳಿ."

"ಹಲಗೆ..."

"ಹಲಗೆ ಮನೆ ಹಾಳಾಯ್ತು, ಬನ್ನಿ!"

ಮುಂಗೈ ಹಿಡಿದೆಳೆದಳು. ಆ ಕೆಸರಿನಲ್ಲಿ ಒಬ್ಬರು ಮುಂದಾದರೆ ಇನ್ನೊಬ್ಬರು ಮುಗ್ಗರಿಸುತ್ತಿದ್ದೆವು. ಬೇರೆ ದಾರಿಯಿಲ್ಲದೆ ಪಕ್ಕಪಕ್ಕದಲ್ಲೇ ಹೆಜ್ಜೆ ಹಾಕಿದೆವು.

"ಹಿಮನೂ ಇಂಗೇ ಇರ್ತದಾ?" ಎಂದಳು.

"ಇನ್ನೂ ತಣ್ಣಗಿರುತ್ತೆ."

ಅವಳು ನಕ್ಕಳು. ಹಗಲು ಬೆಳಕಿನಲ್ಲಿ, ಅಷ್ಟು ಹತ್ತಿರದಲ್ಲಿ ಅವಳು ನಕ್ಕದ್ದನ್ನು ನಾನು ನೋಡಿಯೇ ಇರಲಿಲ್ಲ. ಕಿವಿಯ ಬಳಿ ಒಂದು ಮಚ್ಚೆಯಿತ್ತು, ಅದೂ ನನಗೆ ಹೊಸದು. ಮದಲೂರಿನದು ದೊಡ್ಡ ಕೆರೆಯೇ, ಆದರೂ ಇನ್ನೂ ಸ್ವಲ್ಪ ದೊಡ್ಡದಾಗಿರಬಾರದಿತ್ತೇ ಎನ್ನಿಸಿತು. ಅವಳು ಚಿತ್ರದಲ್ಲಿ ಏನು ನೋಡಿದ್ದಳೆಂಬುದು ಮಂಡಿಗೆ ಕೆಸರು ಮೆತ್ತಿದಮೇಲೆ ನನ್ನ ತಲೆಗೆ ಹೊಳೆಯಿತು.

ಏರಿ ಸಿಕ್ಕಿತು. ಜನ ನೋಡುತ್ತಿದ್ದರು. ಗೌರಿ ಕೈಬಿಟ್ಟು, ಸೆರಗು ಹೊದ್ದು, ಹತ್ತು ಹೆಜ್ಜೆ ಹಿಂದೆ ನಿಂತುಬಿಟ್ಟಳು.

ಆಮೇಲೆ ಹಿಮದ ಆಸೆ ನನಗೆ ಬರಲಿಲ್ಲ. ಬಂದದ್ದು ಇನ್ನೊಂದು. ಸಂಜೆ ಇಬ್ಬರೂ ದೇವಸ್ಥಾನಕ್ಕೆ ಹೊರಟಾಗ, ಅವಳು ಬಂದು ಕೂಡಿಕೊಳ್ಳಲೆಂದು ನಾನು ನಿಧಾನ ಮಾಡುತ್ತೇನೆ. ಅವಳೂ ನಿಧಾನ ಮಾಡುತ್ತಾಳೆ. ನಿಂತರೆ ಅವಳೂ ನಿಲ್ಲುತ್ತಾಳೆ. ಒಮ್ಮೆ ತಿರುಗಿ, "ಬಾ, ಜೊತೆಗೇ ಹೋಗೋಣ" ಎಂದೆ. "ಅಯ್ಯೋ, ನಡೀರಿ ಮುಂದೆ, ಯಾರಾದ್ರೂ ನೋಡಿದ್ರೆ!" ಎಂದಳು. ಹನ್ನೆರಡು ವರ್ಷ ಹಿಂದಿರುಗಿ ನೋಡದವನು ಯಾವ ಬಾಯಿಂದ ಬಲವಂತ ಮಾಡಲಿ? ನಾನು ಕಾಲೆಳೆದುಕೊಂಡು ನಡೆಯುವುದನ್ನು ಕಂಡ ಉರ್ದು ಮೇಷ್ಟ್ರು, ಕೆಸರಿಗೆ ಬಿದ್ದಾಗ ಮಂಡಿ ಕೆಟ್ಟಿರಬೇಕೆಂದು ಮರುಗಿ, ಹಕೀಮರ ಎಣ್ಣೆ ತಂದುಕೊಟ್ಟಿದ್ದಾರೆ. ಗೌರಿ ದಿನವೂ ಪಕ್ಕದಲ್ಲಿ ಕೂತು ಅದನ್ನು ತಿಕ್ಕುತ್ತಾಳೆ. ಮಂಡಿಗೆ ಏನೂ ಆಗಿಲ್ಲವೆಂದು ನಾನಿನ್ನೂ ಅವಳಿಗೆ ಹೇಳಿಲ್ಲ.