ಊರಿಗೆ ಮೊದಲ ಬಸ್ಸು ಬಂದ ವಾರ

ಕರಿಹಲಗೆಯ ಮೇಲೆ ಒಂದು ಸಾಲು ಖಾಲಿ ಉಳಿದದ್ದೇ ಫಕ್ಕೀರೇಶನಿಗೆ ಮುಳುವಾಯಿತು.

ಚಿಕ್ಕೇರೂರಿನಾಚೆಯ ಸಣ್ಣ ಹಳ್ಳಿಯೊಂದರಲ್ಲಿ ಅವನು ಗ್ರಂಥಾಲಯದ ಉಸ್ತುವಾರಿ. ಪ್ರತಿ ಸೋಮವಾರ ಬಾಗಿಲ ಬದಿಯ ಹಲಗೆಯ ಮೇಲೆ ‘ಈ ವಾರ ಇತಿಹಾಸದಲ್ಲಿ’ ಎಂದು ಮೂರು ಸಂಗತಿ ಬರೆಯುವುದು ಯಾರೂ ಹೇಳದೆ ತಾನಾಗಿ ಹಚ್ಚಿಕೊಂಡ ಕೆಲಸ. ಜುಲೈ ತಿಂಗಳ ಆ ಸೋಮವಾರ, 1969ರಲ್ಲಿ ಬ್ಯಾಂಕುಗಳು ಸರಕಾರದ ಪಾಲಾದದ್ದನ್ನು ಬರೆದ. ಅದೇ ವರ್ಷ ಮನುಷ್ಯ ಚಂದ್ರನ ಮೇಲೆ ಇಳಿದದ್ದನ್ನೂ ಬರೆದ. ಮೂರನೆಯದು ಹೊಳೆಯಲೊಲ್ಲದು. ಬೆಳಗಿನ ಬಸ್ಸು ಹಿಡಿದು ಹಾನಗಲ್ಲಿಗೆ ಹೋಗಿ, ಅಲ್ಲಿಂದ ಆಡೂರಿಗೆ ಕನ್ಯೆ ನೋಡಲು ಹೋಗಬೇಕಿತ್ತು. ಮೂವತ್ನಾಲ್ಕು ತುಂಬಿದವನಿಗೆ ಈಗಾಗಲೇ ಐದು ಕಡೆ ಸಂಬಂಧ ತಪ್ಪಿ ಹೋಗಿತ್ತು. ಇದೂ ತಪ್ಪಿದರೆ ಇನ್ನು ಮದುವೆಯ ಮಾತೇ ಇಲ್ಲವೆಂಬ ಹೆದರಿಕೆ ಅವನಿಗೆ. ಹೇಗೂ ಯಾರೂ ಓದುವುದಿಲ್ಲವೆಂದು ‘1984: ನಮ್ಮೂರಿಗೆ ಮೊದಲ ಬಸ್ಸು ಬಂತು’ ಎಂದು ಬಾಯಿಗೆ ಬಂದ ಇಸವಿ ಗೀಚಿ ಕೈ ಝಾಡಿಸಿಕೊಂಡ.

ಅವತ್ತು ಓದಿದರು.

ಚಂದ್ರನ ಮೇಲೆ ಇಳಿದವರು ಯಾರೆಂದು ಒಬ್ಬರೂ ಕೇಳಲಿಲ್ಲ. ಬಸ್ಸನ್ನು ಮೊದಲು ಹತ್ತಿದವರು ಯಾರೆಂಬುದಕ್ಕೆ ಮಾತ್ರ ಜಗಳ ಹತ್ತಿತು.

“ಏ ಫಕ್ಕೀರೇಶಾ, ಮೊದಲ ಹತ್ತಿದಾಂವ ನಾನು. ನನ್ನ ಹೆಸರು ಯಾಕ ಬರದಿಲ್ಲ?” ಎಂದ ಕಿರಾಣಿ ಅಂಗಡಿಯ ಕನಕಪ್ಪ.

ಎದುರಿನ ಚಾದಂಗಡಿಯಿಂದ ಹೊಳೆವ್ವ ಸೌಟು ಹಿಡಿದೇ ಓಡಿ ಬಂದಳು. “ನೀ ಎಲ್ಲಿ ಹತ್ತಿದ್ಯೋ? ಚಪ್ಪಲಿ ಬಿಟ್ಟು ಬಸ್ಸಿಗೆ ಕೈ ಮುಗಕೋಂತ ಬಾಗಲದಾಗ ನಿಂತಿದ್ದಿ. ನಿನ್ನ ದಾಟಿ ಹತ್ತಿದಾಕಿ ನಾನು!”

ತಾನು ಬರೆದದ್ದೇ ಸುಳ್ಳು ಎನ್ನಲು ಫಕ್ಕೀರೇಶ ಬಾಯಿ ತೆರೆದ. ಅಷ್ಟರಲ್ಲಿ ಕನಕಪ್ಪ ಆ ದಿನ ತಾನು ಉಟ್ಟಿದ್ದ ಧೋತರದ ಅಂಚಿನ ಬಣ್ಣ ಹೇಳುತ್ತಿದ್ದ. ಅಂಥ ನೆನಪಿನ ಎದುರು ಸತ್ಯ ಹೇಳಲು ಇವನಿಗೆ ಧೈರ್ಯ ಬರಲಿಲ್ಲ.

ಆಗಲೇ ಹಾನಗಲ್ಲಿನಿಂದ ಬಂದು ಇಲ್ಲಿಂದಲೇ ಮರಳುವ ಬಸ್ಸು ಗ್ರಂಥಾಲಯದ ಎದುರು ನಿಂತಿತು. ಫಕ್ಕೀರೇಶ ಕಾಲಿಡುವ ಮೊದಲೇ ಕನಕಪ್ಪ ತೆಂಗಿನಕಾಯಿ ಹಿಡಿದು ಅಡ್ಡ ನಿಂತ.

“ಡ್ರೈವರಪ್ಪಾ, ಇಳಿ. ಇವತ್ತ ನಿನ್ನ ಗಾಡಿ ಹುಟ್ಟಿದ ಹಬ್ಬ ಐತಿ.”

“ಇದು ಹೋದ ವರ್ಷ ಬಂದ ಗಾಡಿರಿ ಯಜಮಾನ್ರ.”

“ಹಂಗಾರ ಇದರ ಅಜ್ಜಂದು ಅನ್ಕೋ!”

ಬಸ್ಸಿಗೆ ಮಾಲೆ ಬಿತ್ತು, ಗಾಲಿಗೆ ಲಿಂಬೆಹಣ್ಣು ಬಿತ್ತು. “ನನಗ ಹೊತ್ತಾಕ್ಕತಿ ಬಿಡ್ರಿ,” ಎಂದು ಫಕ್ಕೀರೇಶ ಗೋಗರೆದರೆ, ಬಸ್ಸಿನ ಬಗ್ಗೆ ನಾಲ್ಕು ಮಾತಾಡು ಎಂದು ಅವನನ್ನೇ ಕಟ್ಟೆ ಹತ್ತಿಸಿದರು. ಬಸ್ಸಿನಿಂದ ಇಳಿದ ಬಿಳಿ ಟೊಪ್ಪಿಗೆಯ ಪರ ಊರಿನ ಹಿರಿಯರೊಬ್ಬರು ಹೊಳೆವ್ವನ ಚಹಾ ಕುಡಿಯುತ್ತ ಎಲ್ಲ ನೋಡುತ್ತಿದ್ದರು.

“ಆವತ್ತ ನನ್ನ ಮಗಾ ಡ್ರೈವರನ ಬಾಜೂಕ ಕುಂತಿದ್ದ,” ಎಂದು ಹೊಳೆವ್ವ ಅವರಿಗೆ ಹೇಳಿದಳು.

ಮಗನನ್ನು ಬಸ್ಸು ಹತ್ತಿಸಲು ಬಂದಿದ್ದ ಫಕ್ಕೀರೇಶನ ತಾಯಿ ಅನ್ನವ್ವನಿಗೆ ಇದು ಸಹಿಸಲಾಗಲಿಲ್ಲ. “ಕುಂತಿದ್ನಂತ! ನನ್ನ ಮಗಾ ಫಕ್ಕೀರೇಶನೂ ಅದ ಬಸ್ಸಿನ್ಯಾಗ ಇದ್ದ. ಐದ ವರ್ಷದಾಂವ, ಕಂಡಕ್ಟರನ ಸೀಟಿ ಕಸಗೊಂಡು ಊದಿದ್ದ!”

“ಖರೆ ಐತಿ. ನನ್ನ ಕಿವ್ಯಾಗ ಊದಿದ್ದ,” ಎಂದ ಕನಕಪ್ಪ.

ಹಿರಿಯರು ಬೆರಳು ಮಡಚಿ ಲೆಕ್ಕ ಹಾಕಿದರು. “ಅಂದ್ರ ಹುಡುಗಗ ನಲವತ್ತು ಎಂದೋ ದಾಟೇತಿ. ಮೂವತ್ನಾಲ್ಕು ಅಂದಿದ್ರು.”

“ನೀವು ಯಾರ್ರಿ?” ಫಕ್ಕೀರೇಶ ಕಟ್ಟೆಯಿಂದ ಜಿಗಿದ.

“ಆಡೂರ ಚಂದ್ರಪ್ಪ. ಹುಡುಗೀ ಸೋದರಮಾವ. ನೀವು ಬರೂಕಿಂತ ಮೊದಲ, ಹುಡುಗ ಹ್ಯಾಂಗಂತ ಊರಾಗ ಕೇಳ್ಕೊಂಡ ಹೋಗೋಣಂತ ಬಂದೆ.”

ಫಕ್ಕೀರೇಶನಿಗೆ ಅಳುವೇ ಬಂತು. “ಮೂವತ್ನಾಲ್ಕ ರಿ! ಆ ಇಸವಿ ನಾನ ಹುಟ್ಟಿಸಿ ಬರದಿದ್ದು. ಇವರದೆಲ್ಲಾ ಸುಳ್ಳು. ನಮ್ಮವ್ವ ಅಂತೂ ದೊಡ್ಡ ಸುಳ್ಳಬುರುಕಿ ಅದಾಳ್ರಿ!”

ಚಂದ್ರಪ್ಪ ಚಹಾದ ಲೋಟ ಕೆಳಗಿಟ್ಟರು.

“ತಮ್ಮಾ, ವಯಸ್ಸಿಂದ ಹ್ಯಾಂಗರ ಹೊಂದಿಸಬಹುದಿತ್ತು. ನಾಕ ಮಂದ್ಯಾಗ ಹಡದವ್ವಗ ಹಿಂಗ ಅನ್ನಾಂವ, ನಾಳೆ ನಮ್ಮ ಹುಡುಗೀಗೆ ಏನೇನ ಅಂತಾನೋ! ನೀವು ಬರೂದು ಬ್ಯಾಡ.”

ಅವರು ಬಸ್ಸು ಹತ್ತಿದರು. ಮಾಲೆ ಹಾಕಿಕೊಂಡ ಬಸ್ಸು ಧೂಳೆಬ್ಬಿಸುತ್ತ ಹಾನಗಲ್ಲಿನ ದಾರಿ ಹಿಡಿಯಿತು.

ಫಕ್ಕೀರೇಶ ತಾಯಿಯ ಕಡೆ ನೋಡಿದ. ಅನ್ನವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಮನೆಯ ಕಡೆ ತಿರುಗಿದ್ದಳು.

“ಹಿಂದ ಬರಬ್ಯಾಡ. ಸುಳ್ಳಬುರುಕಿ ಬಡದ ರೊಟ್ಟಿ ನಿನಗ್ಯಾಕ?”