ಬಾಯಲ್ಲಿ ಯೋಚಿಸುವವನು

ಮನುಷ್ಯ ತನ್ನ ಚಪ್ಪಲಿಯ ಅಳತೆ ತಿಳಿದುಕೊಂಡಷ್ಟು ಸುಲಭವಾಗಿ ತನ್ನ ಸ್ವಭಾವ ತಿಳಿದುಕೊಳ್ಳಲಾರ. ನನ್ನ ಚಪ್ಪಲಿ ಏಳನೆಯ ನಂಬರು. ಸ್ವಭಾವವನ್ನು ಮಾತ್ರ ಮೂವತ್ತು ತುಂಬುವವರೆಗೂ ತಪ್ಪು ಅಳತೆಯದನ್ನೇ ಹಾಕಿಕೊಂಡು ಓಡಾಡಿದೆ. ನಾನು ಮೌನವಾಗಿ, ಆಳವಾಗಿ ಯೋಚಿಸಿ ನಿರ್ಧಾರಕ್ಕೆ ಬರುವ ಗಂಭೀರ ಮನುಷ್ಯ ಎಂದುಕೊಂಡಿದ್ದೆ. ಕನ್ನಡಕ ಬೇರೆ ಇತ್ತಲ್ಲ, ನೋಡಿದವರೂ ಹಾಗೇ ನಂಬಿದ್ದರು. ನಿಜ ಹೇಳಬೇಕೆಂದರೆ ಆ ಮೌನದೊಳಗೆ ಯೋಚನೆ ಒಂದು ಹೆಜ್ಜೆಯೂ ಮುಂದಕ್ಕೆ ಹೋಗುತ್ತಿರಲಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ನ್ಯಾಮತಿಯಲ್ಲಿ ದನದ ಡಾಕ್ಟರಾಗಿದ್ದೆ. ಬೆಳಿಗ್ಗೆ ಹೋಟೆಲಿನ ಯಜಮಾನರು "ಏನ್ ಕೊಡ್ಲಿ ಡಾಕ್ಟ್ರೇ?" ಎಂದರೆ ಇಡ್ಲಿಯೋ ಮಂಡಕ್ಕಿಯೋ ಎಂದು ಒಳಗೊಳಗೇ ಒದ್ದಾಡುತ್ತ ಕೂರುತ್ತಿದ್ದೆ. ಅವರು ಕಾದು ಬೇಸತ್ತು ಪಕ್ಕದವರು ಕೇಳಿದ್ದನ್ನೇ ನನಗೂ ತಂದಿಡುತ್ತಿದ್ದರು. ಎರಡು ವರ್ಷ ನಾನು ತಿಂದದ್ದೆಲ್ಲ ಬೇರೆಯವರ ಆಸೆಯ ತಿಂಡಿ. ಪುಣ್ಯಕ್ಕೆ ನ್ಯಾಮತಿಯವರ ರುಚಿ ಚೆನ್ನಾಗಿತ್ತು.

ತಿಂಡಿಯ ವಿಷಯದಲ್ಲಿ ಹೀಗಾದರೆ ನಗಬಹುದು. ಎಮ್ಮೆಯ ಹೆರಿಗೆಯಲ್ಲಿ ಆಗಬಾರದು.

ನಮ್ಮ ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಗಂಗಮ್ಮ ಎಂಬ ಹೆಂಗಸಿದ್ದಳು. ಗಂಡ ತೀರಿಕೊಂಡಿದ್ದ. ಇದ್ದದ್ದು ಒಂದೇ ಎಮ್ಮೆ, ಅದರ ಮೊಸರು ಮಾರಿಯೇ ಅವಳ ಬದುಕು. ಒಂದು ದಿನ ಮಧ್ಯಾಹ್ನ ಅವಳೇ ಓಡಿ ಬಂದಳು. ಬೆಳಗಿನಿಂದ ಎಮ್ಮೆ ತಿಣುಕುತ್ತಿದೆ, ಕರು ಬರುತ್ತಿಲ್ಲ. ನಾನೂ ನಮ್ಮ ಕಾಂಪೌಂಡರ್ ಹನುಮಂತಪ್ಪನೂ ಹೋದೆವು. ಕೈ ಹಾಕಿ ನೋಡಿದೆ. ನೋಡಿ ಎದ್ದು ನಿಂತೆ. ನಿಂತವನು ನಿಂತೇ ಇದ್ದೆ. ಇಲ್ಲೇ ಕೈ ಹಚ್ಚುವುದೋ, ಹೊನ್ನಾಳಿಯ ದೊಡ್ಡ ಆಸ್ಪತ್ರೆಗೆ ಗಾಡಿಯಲ್ಲಿ ಕಳಿಸುವುದೋ? ತಲೆಯೊಳಗೆ ಎರಡೂ ಒಂದಕ್ಕೊಂದು ಡಿಕ್ಕಿ ಹೊಡೆದು ನಿಂತಿದ್ದವು. ಹನುಮಂತಪ್ಪ ನನ್ನ ಮುಖ ನೋಡಿದ. ಎಮ್ಮೆಯೂ ನೋಡಿತು. ನಾನು ಗೋಡೆ ನೋಡಿದೆ.

ಕೊನೆಗೆ ಗಂಗಮ್ಮನೇ ರೇಗಿದಳು. "ಡಾಕ್ಟ್ರೇ, ಹಿಂಗೆ ಗೂಟ ಹೊಡ್ದಂಗೆ ನಿಂತ್ರೆ ಹೆಂಗ್ರೀ? ಮನಸ್ನಾಗೆ ಏನೈತೆ ಬಾಯಿಬಿಟ್ಟು ಹೇಳ್ರಿ. ನಂಗೆ ತಿಳಿಯಂಗೆ ಹೇಳ್ರಿ."

"ಕರುವಿನ ಮುಂಗಾಲೆರಡೂ ಬಂದವೆ ಕಣಮ್ಮ. ತಲೆ ಹಿಂದಕ್ಕೆ ಮಡಚ್ಕಂಡೈತೆ. ಹಿಂಗೇ ಎಳದ್ರೆ ಬರಲ್ಲ. ಹೊನ್ನಾಳಿಗೆ ಕಳಿಸಾನಾ ಅಂದ್ರೆ..."

"ಗಾಡೀಲಿ ಹೋಗಾಕೆ ಎಷ್ಟೊತ್ತು ಬೇಕು?"

"ಸಂಜೆ ಆಗುತ್ತೆ. ಅಷ್ಟೊತ್ತು ಎಮ್ಮೆ ತಡಿಯಲ್ಲ" ಎಂದೆ. ಅದು ನನಗೆ ಗೊತ್ತಿದೆಯೆಂದು ನನಗೇ ಗೊತ್ತಾದದ್ದು ಆಗ.

"ಇಲ್ಲೇ ಮಾಡಿದ್ರೆ?"

"ಕರೂನ ಒಂಚೂರು ಒಳಕ್ಕೆ ತಳ್ಳಿ, ಜಾಗ ಮಾಡ್ಕಂಡು, ಮೂತಿ ಹಿಡ್ದು ತಲೆ ತಿರುಗಿಸ್ಬೇಕು. ಕಷ್ಟ ಐತೆ. ಆದ್ರೆ ಆಗುತ್ತೆ."

"ಆಗುತ್ತೆ ಅಂದ್ಮೇಲೆ ಮಾಡ್ರಿ ಮತ್ತೆ!"

ತಿರುಗಿ ನೋಡಿದರೆ ಹನುಮಂತಪ್ಪ ಆಗಲೇ ಬಿಸಿನೀರು, ಸೋಪು ತಂದಿಟ್ಟಿದ್ದ. ಮುಕ್ಕಾಲು ಗಂಟೆ ಹೆಣಗಿದೆವು. ನನ್ನ ಭುಜ ಮರಗಟ್ಟಿತು. ಎರಡು ಸಲ ಮೂತಿ ಕೈಗೆ ಸಿಕ್ಕಿ ಜಾರಿತು. ಗಂಗಮ್ಮ ಎಮ್ಮೆಯ ಕೊರಳು ತಬ್ಬಿಕೊಂಡು ಅದರ ಕಿವಿಯಲ್ಲಿ ಏನೇನೋ ಹೇಳುತ್ತಿದ್ದಳು. ನಾನೂ ಬಾಯಿ ಮುಚ್ಚಲಿಲ್ಲ, "ಈಗ ತಳ್ಳಬೇಕು, ಈಗ ಬಿಡಬೇಕು" ಎಂದು ನನಗೆ ನಾನೇ ಹೇಳಿಕೊಳ್ಳುತ್ತಲೇ ಇದ್ದೆ. ಮೂರನೆಯ ಸಲ ತಲೆ ತಿರುಗಿತು. ಹೊರಗೆ ಬಂದ ಕರು ಅಲ್ಲಾಡಲಿಲ್ಲ. ಹನುಮಂತಪ್ಪ ಹುಲ್ಲಿನಿಂದ ಮೈ ಉಜ್ಜಿದ, ನಾನು ಮೂಗಿಗೆ ಹುಲ್ಲುಕಡ್ಡಿ ಆಡಿಸಿದೆ. ಅದು ನನ್ನ ಕನ್ನಡಕದ ಮೇಲೆ ಸರಿಯಾಗಿ ಸೀನಿತು. ಗಂಗಮ್ಮ ಅಳುತ್ತ ನಕ್ಕಳು.

ಕೈ ತೊಳೆಯಲು ನೀರು ಹಾಕುತ್ತ ಅವಳೆಂದಳು: "ಬಾಯಿಬಿಟ್ರೆ ನಿಮ್ಗೆ ಎಲ್ಲಾ ಗೊತ್ತೈತೆ ಡಾಕ್ಟ್ರೇ. ಸುಮ್ಕಿದ್ರೆ ಏನೂ ಗೊತ್ತಿಲ್ಲ ನೋಡ್ರಿ."

ಅಪ್ಪ, ಮೇಷ್ಟ್ರುಗಳು, ಕಾಲೇಜಿನ ಪ್ರೊಫೆಸರುಗಳು ಯಾರೂ ನನಗೆ ನನ್ನನ್ನು ಇಷ್ಟು ಸ್ಪಷ್ಟವಾಗಿ ತೋರಿಸಿರಲಿಲ್ಲ. ನಾನು ತಲೆಯಲ್ಲಿ ಯೋಚಿಸುವವನಲ್ಲ, ಬಾಯಲ್ಲಿ ಯೋಚಿಸುವವನು. ಎದುರಿಗೆ ಕೇಳುವ ಒಂದು ಜೀವ ಇದ್ದರೆ ಸಾಕು, ನನ್ನ ಮನಸ್ಸು ತನ್ನ ಗುಟ್ಟನ್ನು ನನಗೂ ಹೇಳುತ್ತದೆ. ಆ ಹೆಂಗಸಿಗೆ ಇಂದಿಗೂ ಮನಸ್ಸಿನಲ್ಲೇ ನಮಸ್ಕರಿಸುತ್ತೇನೆ. ಮನಸ್ಸಿನಲ್ಲಿ ನಾನು ಸರಿಯಾಗಿ ಮಾಡುವ ಕೆಲಸ ಅದೊಂದೇ.

ನನ್ನ ಹೆಂಡತಿ ಸರೋಜಳದ್ದು ತದ್ವಿರುದ್ಧ. ಅವಳು ಸೀರೆ ಅಂಗಡಿಯಲ್ಲಿ ನಾನು ಚಪ್ಪಲಿ ಬಿಟ್ಟು ಒಳಗೆ ಬರುವಷ್ಟರಲ್ಲಿ ಸೀರೆ ಆರಿಸಿ ಕಟ್ಟಿಸಿಕೊಂಡಿರುತ್ತಾಳೆ. ಯೋಚನೆ ಯಾವಾಗ ಮಾಡಿದಳೆಂದು ಯಾರಿಗೂ ಕಾಣುವುದಿಲ್ಲ. ಎಂಬತ್ತರ ದಶಕ ಶುರುವಾದ ಮೇಲೆ ನನಗೆ ವರ್ಗವಾಗುವುದು ಖಚಿತವಾಯಿತು. ಮೇಲಿನವರು ಒಳ್ಳೆಯವರು, "ಚನ್ನಗಿರಿಯೋ ಜಗಳೂರೋ, ನೀವೇ ಆರಿಸಿಕೊಳ್ಳಿ, ಶನಿವಾರದೊಳಗೆ ಹೇಳಿ" ಎಂದರು. ಚನ್ನಗಿರಿಯಾದರೆ ಹತ್ತಿರದ ಸಂತೇಬೆನ್ನೂರಿನಲ್ಲೇ ಸರೋಜಳ ತವರು. ಶುಕ್ರವಾರ, ಅಕ್ಕಿ ಆರಿಸುತ್ತಿದ್ದ ಅವಳ ಮುಂದೆ ನಾನು ಮಣೆ ಹಾಕಿಕೊಂಡು ಕೂತೆ.

"ಜಗಳೂರು ಬ್ಯಾಡ್ವೇ ಬ್ಯಾಡ ಕಣೆ. ಸುಡುಬಿಸ್ಲು. ನೀರಿಗೆ ಪರದಾಟ. ಎಲ್ಲಿ ನೋಡಿದ್ರೂ ಕುರಿ. ಪಾಪ, ಅಲ್ಲಿ ಎಷ್ಟೋ ದಿನದಿಂದ ಡಾಕ್ಟ್ರೇ ಇಲ್ವಂತೆ. ಕುರಿಗೆ ಜಡ್ಡು ಬಂದ್ರೆ ಹೊತ್ಕಂಡು ಎಲ್ಲಿಗೆ ಅಂತ ಹೋಗ್ತಾರೆ ಹೇಳು..." ಅರ್ಧ ಗಂಟೆ ಜಗಳೂರನ್ನು ಬೈದೆ. ಚನ್ನಗಿರಿಯನ್ನು ಎರಡು ಮಾತಿನಲ್ಲಿ ಹೊಗಳಿ ಮುಗಿಸಿದೆ. ಕೊನೆಗೆ, "ಜಗಳೂರಿಗೇ ಹೋಗಾನ ಅನ್ಸುತ್ತೆ" ಎಂದೆ. ಹೇಳಿದ ಮೇಲೆ ಅವಳ ತವರು ನೆನಪಾಯಿತು. "ನಿಮ್ಮಮ್ಮನ ಮನೆ ದೂರ ಆಗುತ್ತಲ್ಲ ಸರೋಜಾ?"

ಅವಳು ಮೊರ ಕೆಳಗಿಟ್ಟಳು. "ಅಮ್ಮನ ಮನೆಗೆ ಬಸ್ಸೈತೆ ಕಣ್ರೀ. ಕುರಿಗೆಲ್ಲೈತೆ ಬಸ್ಸು?"

ಇಂಥ ಹೆಂಡತಿಯನ್ನು ಕೊಟ್ಟ ದೇವರಿಗೆ ಕೈ ಮುಗಿಯೋಣವೆಂದು ಒಳಕೋಣೆಗೆ ಹೋದರೆ, ನಮ್ಮ ದೊಡ್ಡ ಟ್ರಂಕಿನಲ್ಲಿ ಬಟ್ಟೆ ಪಾತ್ರೆಗಳೆಲ್ಲ ಆಗಲೇ ತುಂಬಿದ್ದವು. ಮುಚ್ಚಳದ ಮೇಲೆ ಅವಳದೇ ಅಕ್ಷರದಲ್ಲಿ ಚೀಟಿ ಅಂಟಿತ್ತು: ಜಗಳೂರು.

"ಇದನ್ನ ಯಾವಾಗ ಬರ್ದೆ?" ಎಂದು ಕೂಗಿದೆ.

"ಮೊನ್ನೆ" ಎಂದಳು ಅಲ್ಲಿಂದಲೇ. "ನಿಮ್ಗೆ ಎಲ್ಲಿಗೆ ಹೋಗ್ಬೇಕಂತ ಮನಸ್ಸೈತೋ ಆ ಊರನ್ನೇ ಜಾಸ್ತಿ ಬೈತೀರಿ. ಮೊನ್ನೆ ನಿದ್ದೆಗಣ್ಣಿನಾಗೂ ಬೈದ್ರಿ."