ಯಜಮಾನರ ಕಡಲ ದಂಡಯಾತ್ರೆ

"ಈ ಭಾನುವಾರ ನಾನೂ ಬರ್ತೀನಿ! ಕಸ ಹೆಕ್ಕೋದು ಅಂದ್ರೆ ಏನು ಅಂತ ನಿಮ್ಮ ತಂಡಕ್ಕೆ ತೋರಿಸಿಕೊಡ್ತೀನಿ!" ಎಂದು ಯಜಮಾನರು ಸೋಫಾದ ಮೇಲೆ ಮಲಗಿದ್ದಲ್ಲಿಂದಲೇ ಘೋಷಿಸಿದರು.

ಹೆಂಡತಿ ಅಡುಗೆಮನೆಯಿಂದ ಓಡಿಬಂದಳು. ಆಕೆ ವಾರವಾರವೂ ತಪ್ಪದೆ ಸಮುದ್ರದಂಡೆಯ ಕಸ ಹೆಕ್ಕಲು ಹೋಗುವವಳು. ಯಜಮಾನರೋ, ಕುಡಿದ ಲೋಟವನ್ನು ಎತ್ತಿಟ್ಟ ದಾಖಲೆ ಚರಿತ್ರೆಯಲ್ಲೇ ಇಲ್ಲ!

"ನೋಡಿ ರೀ, ಹೆಡ್‌ಮಿಸ್ಟ್ರೆಸ್ಸಮ್ಮ ವಯಸ್ಸಾಯ್ತು ಅಂತ ತಂಡದ ಹೊಣೆ ಬಿಡ್ತಿದಾರೆ. ಮುಂದೆ ಯಾರು ಅಂತ ಈ ಭಾನುವಾರವೇ ಹೇಳ್ತಾರಂತೆ. ನನಗೆ ತುಂಬಾ ಆಸೆ ಇದೆ. ದಮ್ಮಯ್ಯ, ಮಾನ ತೆಗೀಬೇಡಿ."

"ಮಾನ ತೆಗೆಯೋದಾ? ನಿನ್ನ ಕೀರ್ತಿಪತಾಕೆ ಹಾರಿಸ್ತೀನಿ ಕಣೇ!"

ಭಾನುವಾರ ಬೆಳಿಗ್ಗೆ ಇಬ್ಬರೂ ದಂಡೆಗೆ ಬಂದರು. ಅಲ್ಲಿ ಒಂದು ಪದ್ಧತಿ. ಎಲ್ಲರೂ ತಮ್ಮ ಚಪ್ಪಲಿ, ಟವೆಲುಗಳನ್ನು ಮರಳಿನ ಮೇಲೆ ಸಾಲಾಗಿ ಬಿಟ್ಟು, ನಗರಸಭೆಯ ವ್ಯಾನಿನವನು ಕೊಡುವ ರಬ್ಬರ್ ಬೂಟು ಹಾಕಿಕೊಳ್ಳಬೇಕು. ಯಜಮಾನರೂ ಹಾಕಿಕೊಂಡರು. ಆಮೇಲೆ ಗಾಳಿ ಯಾವ ಕಡೆಯಿಂದ ಬೀಸುತ್ತದೆ, ಚೀಲ ಹೇಗೆ ಹಿಡಿಯಬೇಕು ಎಂದು ಸಿಕ್ಕಸಿಕ್ಕವರಿಗೆಲ್ಲ ಭಾಷಣ ಬಿಗಿದರು. ಅದು ಮುಗಿಯುವ ಹೊತ್ತಿಗೆ ದಂಡೆಯೇ ಸ್ವಚ್ಛವಾಗಿತ್ತು! ಎಲ್ಲರ ಚೀಲವೂ ತುಂಬಿತ್ತು. ಯಜಮಾನರ ಚೀಲದಲ್ಲಿ ಒಂದೇ ಒಂದು ಬಾಟಲಿ ಮುಚ್ಚಳ.

ಹೆಂಡತಿಗೆ ಯಾವ ಮುಖ ತೋರಿಸುವುದು? ಅಷ್ಟರಲ್ಲಿ ದೊಡ್ಡದೊಂದು ಅಲೆ ಬಂದು ಹೋಯಿತು. ಅದು ಸರಿದ ಜಾಗದಲ್ಲಿ ನೋಡುತ್ತಾರೆ, ರಾಶಿ ರಾಶಿ ಕಸ! ಚೆಲ್ಲಾಪಿಲ್ಲಿಯಾಗಿ ಬಿದ್ದ ಚಪ್ಪಲಿ, ಷೂ, ಒದ್ದೆ ಟವೆಲು! ಯಜಮಾನರು ಹದ್ದಿನಂತೆ ಎರಗಿದರು. ಒಂದನ್ನೂ ಬಿಡದೆ ಚೀಲಕ್ಕೆ ತುರುಕಿದರು.

ಇತ್ತ ಬೂಟು ಒಪ್ಪಿಸಿ ಬರಿಗಾಲಲ್ಲಿ ನಿಂತವರು ಚಪ್ಪಲಿ ಕಾಣದೆ ಕಂಗಾಲಾಗಿದ್ದರು. ಯಜಮಾನರು ಏದುಸಿರು ಬಿಡುತ್ತಾ ಬಂದು, ಹೆಡ್‌ಮಿಸ್ಟ್ರೆಸ್ಸಮ್ಮನ ಮುಂದೆ ಚೀಲ ಸುರಿದರು.

"ಅಯ್ಯೋ, ನನ್ನ ಹೊಸ ಷೂ!" ಎಂದು ತಂಡದಲ್ಲಿದ್ದ ಹಲ್ಲಿನ ಡಾಕ್ಟರೊಬ್ಬರು ಕೂಗಿಕೊಂಡರು.

"ನನ್ನ ಟವೆಲ್ಲು ಕಣ್ರೀ ಅದು! ಇದೇನು ಕಸವೇನ್ರೀ?" ಎಂದು ಹೆಡ್‌ಮಿಸ್ಟ್ರೆಸ್ಸಮ್ಮ ಕೇಳಿದರು.

ಹೆಂಡತಿ ನಾಚಿಕೆಯಿಂದ ತಲೆ ತಗ್ಗಿಸಿದಳು. ಯಜಮಾನರು ಸೋಲುವ ಕುಳವೇ? ರಾಶಿಯಿಂದ ಹಿಮ್ಮಡಿ ಸವೆದ, ಉಂಗುಷ್ಟಕ್ಕೆ ಪಿನ್ನು ಚುಚ್ಚಿದ ಚಪ್ಪಲಿಯೊಂದನ್ನು ಎತ್ತಿ ಹಿಡಿದರು.

"ಇದನ್ನ ಕಸ ಅನ್ನದೆ ಇನ್ನೇನು ಅನ್ಬೇಕು ಹೇಳಿ! ಯಾವ ದರಿದ್ರದವನು ಇಂಥದ್ದನ್ನ ಮೆಟ್ಕೊಂಡು ಓಡಾಡ್ತಾನೆ?"

"ರೀ, ಆ ಪಿನ್ನು ಬೆಳಿಗ್ಗೆ ನಾನೇ ಚುಚ್ಚಿದ್ದು. ಅದು ನಿಮ್ಮದೇ," ಎಂದಳು ಹೆಂಡತಿ ಮೆಲ್ಲಗೆ.

ನಗುವಿನ ಅಬ್ಬರದಲ್ಲಿ ಸಮುದ್ರದ ಸದ್ದೂ ಕೇಳಿಸದಾಯಿತು. ಯಜಮಾನರು ಚಪ್ಪಲಿಯನ್ನು ಬೆನ್ನ ಹಿಂದೆ ಅಡಗಿಸಿದರು. ಹೆಡ್‌ಮಿಸ್ಟ್ರೆಸ್ಸಮ್ಮ ಕಣ್ಣೊರೆಸಿಕೊಂಡು, ಹೆಂಡತಿಯ ಹೆಗಲ ಮೇಲೆ ಕೈಯಿಟ್ಟರು.

"ತಂಡದ ಹೊಣೆ ಇನ್ನು ಮೇಲೆ ನಿಂದೇ ಕಣಮ್ಮ. ಇವರನ್ನೇ ಇಷ್ಟು ವರ್ಷ ಸಂಭಾಳಿಸಿದವಳಿಗೆ ಈ ದಂಡೆ ಯಾವ ಮಹಾ!"